ಹನ್ನೆರಡು ಅಕ್ಷರದ ಸಾಲು

ನಮ್ಮ ಕಚೇರಿಯಲ್ಲಿ ಹೇಳಿಕೆಗಳನ್ನು ತಿದ್ದುವುದು ತಪ್ಪು ಎಂದು ಯಾರೂ ಅಂದುಕೊಂಡಿರಲಿಲ್ಲ. ಅದೊಂದು ಮರ್ಯಾದೆ ಎಂದುಕೊಂಡಿದ್ದೆವು. ಕಾರ್ಖಾನೆಗಳಲ್ಲಿ ಆದ ಅಪಘಾತಗಳನ್ನು ವಿಚಾರಿಸುವ ಕಚೇರಿ ಅದು. ಅಲ್ಲಿ ನಾನು ಇಪ್ಪತ್ತಾರು ವರ್ಷ ಬೆರಳಚ್ಚು ಮಾಡಿದೆ. ಕೆಲಸಗಾರರು ಬಂದು ನಿಂತು, ‘ಬಿದ್ದೋದ, ಕೂಗ್ಕೊಂಡ, ಸತ್ತೋದ’ ಎನ್ನುತ್ತಿದ್ದರು. ನಾನು ‘ಬಿದ್ದನು, ಕೂಗಿಕೊಂಡನು, ಮೃತಪಟ್ಟನು’ ಎಂದು ಹೊಡೆಯುತ್ತಿದ್ದೆ. ಓದಿ ಹೇಳಿದಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ತಮ್ಮ ದುಃಖ ಇಸ್ತ್ರಿ ಹಾಕಿದ ಬಟ್ಟೆ ಉಟ್ಟುಕೊಂಡು ಬಂದ ಹಾಗೆ ನೋಡುತ್ತಿದ್ದರು. ನನ್ನನ್ನು ಎಲ್ಲರೂ ಟೈಪಮ್ಮ ಎನ್ನುತ್ತಿದ್ದರು.

ರಟ್ಟಿನ ಕಾರ್ಖಾನೆಯ ಬಾಯ್ಲರ್ ಸಿಡಿದದ್ದು ನನ್ನ ಕೆಲಸದ ಹದಿನೇಳನೆಯ ವರ್ಷದಲ್ಲಿ. ಹಳೆಯ ಕಾಗದ ತಂದು, ದೊಡ್ಡ ತೊಟ್ಟಿಯಲ್ಲಿ ನೆನೆಸಿ, ಅರೆದು, ರಟ್ಟು ಮಾಡುವ ಕಾರ್ಖಾನೆ. ಒದ್ದೆ ರಟ್ಟನ್ನು ಒಣಗಿಸಲು ಆವಿ ಬೇಕು, ಆವಿಗೆ ಬಾಯ್ಲರ್ ಬೇಕು. ಸಿಡಿದಾಗ ನಾಲ್ಕು ಜನ ಹೋದರು. ಮೂವರು ಒಣಗಿಸುವ ಕೋಣೆಯಲ್ಲಿದ್ದ ಹುಡುಗರು, ಇನ್ನೊಬ್ಬ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಐವತ್ತು ದಾಟಿದ ಮನುಷ್ಯ. ಅವನನ್ನು ಕಾರ್ಖಾನೆಯಲ್ಲಿ ಕವಿರಾಯ ಎಂದು ಕರೆಯುತ್ತಿದ್ದರಂತೆ. ಗೇಲಿಗೆ ಶುರುವಾದ ಹೆಸರು, ಆಮೇಲೆ ಹಾಜರಿ ಕೂಗುವಾಗಲೂ ಅದೇ ಆಗಿಹೋಗಿತ್ತು.

ಕಾರ್ಖಾನೆಯವರ ವಾದ ಸರಳವಾಗಿತ್ತು. ಒತ್ತಡ ತೋರಿಸುವ ಮುಳ್ಳು ಎಂಟರಲ್ಲಿ ಇರಬೇಕು, ಹತ್ತಕ್ಕೆ ಕೆಂಪು ಗೆರೆ. ದಿನವಹಿ ಪುಸ್ತಕದಲ್ಲಿ ಕವಿರಾಯನೇ ಪ್ರತಿದಿನ ‘ಒತ್ತಡ ಎಂಟು, ಎಲ್ಲ ಸರಿಯಿದೆ’ ಎಂದು ಬರೆದು ಸಹಿ ಮಾಡಿದ್ದಾನೆ. ಹಾಗಿದ್ದೂ ಸಿಡಿಯಿತು ಎಂದರೆ ಅವನು ಮುಳ್ಳನ್ನು ನೋಡದೆಯೇ ಬರೆದಿದ್ದಾನೆ. ಏಕೆ ನೋಡಲಿಲ್ಲ? ಪದ್ಯ ಬರೆಯುತ್ತ ಕೂತಿದ್ದ. ಇದಕ್ಕೆ ಪುರಾವೆಯಾಗಿ ಅವರ ವಕೀಲರು ಒಂದು ನೋಟ್‌ಬುಕ್ ಹಾಜರುಪಡಿಸಿದರು. ಕಾರ್ಖಾನೆಯ ಮುದ್ರೆ ಇದ್ದ, ಕೆಲಸದ ಲೆಕ್ಕಕ್ಕೆಂದು ಕೊಟ್ಟ ನೋಟ್‌ಬುಕ್. ತುಂಬ ಪದ್ಯಗಳು. ಕೊನೆಯ ಪುಟದಲ್ಲಿ, ಸಾಯುವ ವಾರದಲ್ಲಿ ಬರೆದದ್ದು ಏಳು ಸಾಲು.

ಇದನ್ನು ಅಲ್ಲಗಳೆಯಲು ಇದ್ದವಳು ಅವನ ಮಗಳೊಬ್ಬಳೇ. ತಾಯಿ ಇಲ್ಲದ ಹುಡುಗಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮೊದಲ ದಿನ ಅವಳು ಕುಳಿತಿದ್ದ ಕಡೆ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಹೇಳಿಕೊಳ್ಳಲಾರದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ನಮ್ಮ ಜವಾನ, ಯಾರಿಗೂ ಒಂದು ಮಾತು ಒಳ್ಳೆಯದು ಆಡದವನು, ಫೈಲುಗಳ ಬೀರುವಿನ ಬಾಗಿಲನ್ನು ಸುಮ್ಮನೆ ತೆರೆದಿಟ್ಟು ನೆರಳು ಮಾಡಿದ. ವಿಚಾರಣೆ ಮುಗಿಯುವವರೆಗೂ ಆ ಬಾಗಿಲು ಮುಚ್ಚಲಿಲ್ಲ.

ಅವಳಿಗೆ ಬೇಕಿದ್ದದ್ದು ಪರಿಹಾರವಲ್ಲ. ಅದನ್ನು ಅವಳು ಮೊದಲೇ ಹೇಳಿದಳು. ಸತ್ತ ಮೂರು ಹುಡುಗರ ಮನೆಗಳೂ ಅವಳ ಓಣಿಯಲ್ಲೇ ಇದ್ದವು.

“ನಮ್ಮಪ್ಪ ಕೊಂದ ಅಂತಾರೆ ಮೇಡಂ. ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ಎಲ್ಲ ಹಾಗೇ ವಾಪಸ್ ತಗೊಂಡ್ರು. ಅಳತೆ ತಗೊಂಡಿದ್ದ ಚೀಟಿ ಕೂಡ ಕೇಳಿ ಇಸ್ಕೊಂಡ್ರು. ಅಪ್ಪ ಕೊಲ್ಲಲಿಲ್ಲ ಅಂತ ಒಂದು ಕಾಗದದಲ್ಲಿ ಬರೀಬೇಕು. ಅಷ್ಟೇ.”

ಆ ಒಂದು ಕಾಗದ ಬರೆಯಬೇಕಾದವರು ನಮ್ಮ ಸಾಹೇಬರು, ವಿಚಾರಣಾಧಿಕಾರಿ. ಕೆಟ್ಟವರಲ್ಲ. ಬಹಳ ಜನರ ಸಾವನ್ನು ಕಾಗದದ ಮೇಲೆ ನೋಡಿ ನೋಡಿ ಮೆತ್ತಗೆ ಮಾತಾಡುವ ಅಭ್ಯಾಸವಾಗಿದ್ದ ಮನುಷ್ಯ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾವ ಕಡೆಯವರು ದಾಖಲೆ ತಂದರೂ ನಾನು ಅದರ ಬೆರಳಚ್ಚು ಪ್ರತಿ ತೆಗೆಯಬೇಕು. ಕೆಳಗೆ ‘ನಿಜ ಪ್ರತಿ’ ಎಂದು ಬರೆದು ನಾನು ಸಹಿ ಮಾಡಬೇಕು, ಎರಡೂ ಕಡೆಯವರು ಸಹಿ ಮಾಡಬೇಕು. ಮೂಲವನ್ನು ತಂದವರಿಗೇ ಅಂದೇ ಹಿಂದಿರುಗಿಸಬೇಕು. ಆಮೇಲೆ ಕಡತದಲ್ಲಿರುವ ಪ್ರತಿಯೇ ದಾಖಲೆ.

ನೋಟ್‌ಬುಕ್ಕಿನ ಕೊನೆಯ ಪುಟ ನನ್ನ ಮೇಜಿಗೆ ಬಂತು. ಅದನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ:

ಅಕ್ಕ ಇಂದು ನಗುತಾಳೆ
ಮೆಲ್ಲಗೆ ಹಾಡು ಹೇಳ್ತಾಳೆ
ಆಮೇಲೆ ಮೈ ಮುರಿಯುತಾಳೆ
ಯಾರೂ ಅವಳ ಕೇಳೋದಿಲ್ಲ
ಎದೆಯೊಳಗೆ ಏನೋ ಕುದಿತ
ಕೇಳಿದ ನಾನು ಹೇಳೋದು ಯಾರಿಗೆ
ಅಕ್ಕಾ ಅಕ್ಕಾ ಇನ್ನೊಂದು ದಿನ ತಾಳಿಕೋ

ನಾನು ಕಾಲೇಜಿನಲ್ಲಿ ಸಾಹಿತ್ಯ ಓದಿದವಳು. ಪದ್ಯ ಕಂಡರೆ ಮಾತ್ರೆ ಎಣಿಸುವುದು ನನಗೆ ಉಗುರು ಕಡಿಯುವ ಚಟದ ಹಾಗೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದೆ. ಮೊದಲ ಸಾಲಿಗೆ ಹನ್ನೊಂದು, ನಾಲ್ಕನೆಯದಕ್ಕೆ ಹದಿನಾಲ್ಕು, ಅದರ ಕೆಳಗಿನದು ಮತ್ತೆ ಹನ್ನೆರಡಕ್ಕೆ ಇಳಿದಿತ್ತು, ಕೊನೆಯದು ಏಕಾಏಕಿ ಇಪ್ಪತ್ತು. ಪಾಪ, ಅಳತೆ ಬಾರದ ಮನುಷ್ಯ ಎಂದುಕೊಂಡೆ. ಅಕ್ಕ ಎಂದರೆ ಬಾಯ್ಲರ್ ಎಂದು ನನಗೆ ಅರ್ಥವಾಗಿತ್ತು. ಎರಡು ಸಲ ಓದುವಷ್ಟರಲ್ಲಿ ಬಾಯಿಗೇ ಬಂದುಬಿಟ್ಟಿತ್ತು.

ಆಗ ನನಗೊಂದು ಯೋಚನೆ ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ವಕೀಲರ ವಾದವೆಲ್ಲ ನಿಂತಿರುವುದು ಇದು ಪದ್ಯ ಎನ್ನುವುದರ ಮೇಲೆ. ಸಾಲು ಸಾಲಾಗಿ ಕಾಣುವುದರಿಂದ ತಾನೇ ಪದ್ಯ? ಒಟ್ಟಿಗೆ ಸೇರಿಸಿ ಗದ್ಯದಂತೆ ಹೊಡೆದುಬಿಟ್ಟರೆ ಕೆಲಸದವನೊಬ್ಬ ತನ್ನ ಯಂತ್ರದ ಬಗ್ಗೆ ಕಳವಳದಿಂದ ಬರೆದ ಟಿಪ್ಪಣಿಯ ಹಾಗೆ ಕಾಣುತ್ತದೆ. ಹೇಳಿಕೆಗಳ ಭಾಷೆ ತಿದ್ದುವುದು ಹೇಗೂ ನಡೆದೇ ಇತ್ತು. ಬೀರುವಿನ ಬಾಗಿಲ ನೆರಳಲ್ಲಿ ಕೂತಿದ್ದ ಹುಡುಗಿಯನ್ನು ಒಮ್ಮೆ ನೋಡಿದೆ. ನೋಡಿ, ಹೀಗೆ ಹೊಡೆದೆ:

‘ಅಕ್ಕ ಇಂದು ನಗುತ್ತಾಳೆ, ಮೆಲ್ಲಗೆ ಹಾಡು ಹೇಳುತ್ತಾಳೆ. ಆಮೇಲೆ ಮೈ ಮುರಿಯುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಎದೆಯೊಳಗೆ ಏನೋ ಕುದಿತ. ಕೇಳಿದ ನಾನು ಯಾರಿಗೆ ಹೇಳುವುದು? ಅಕ್ಕಾ, ಇನ್ನೊಂದು ದಿನ ತಾಳಿಕೋ.’

ಕೊನೆಯಲ್ಲಿ ಎರಡು ಸಲ ಅಕ್ಕಾ ಎಂದಿದ್ದದ್ದು ಗದ್ಯದಲ್ಲಿ ಹೆಚ್ಚಾಯಿತೆಂದು ಒಂದನ್ನು ಬಿಟ್ಟೆ. ಸಹಿ ಮಾಡಿದೆ. ವಕೀಲರು ಓದದೆಯೇ ಸಹಿ ಹಾಕಿದರು. ಹುಡುಗಿ ನಾನು ಬೆರಳಿಟ್ಟು ತೋರಿಸಿದ ಕಡೆ ಹಾಕಿದಳು. ಅವಳು ಅಪ್ಪನ ಅಕ್ಷರ ಕಂಡದ್ದು ಒಂದು ಗಳಿಗೆ ಮಾತ್ರ, ಮೇಜಿನ ಆಚೆಯಿಂದ. ನೋಟ್‌ಬುಕ್ ವಕೀಲರ ಚೀಲಕ್ಕೆ ಹೋಯಿತು.

ಸಾಹೇಬರು ಆ ಪ್ರತಿಯನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ಕಾವ್ಯಮಯವಾಗಿದೆ ಎಂದರು. ಪಕ್ಕದ ಮೇಜಿನ ಗುಮಾಸ್ತೆ ಓದಿ ಮೂಗು ಸೀಟಿಕೊಂಡಳು. ಒಳ್ಳೆಯ ಕೆಲಸ ಮಾಡಿದೆನೆಂದು ಅಂದು ನನಗೆ ಸಮಾಧಾನವಾಗಿತ್ತು.

ಎಂಟು ದಿನ ಕಳೆದು ಮುಂದಿನ ವಿಚಾರಣೆ. ಅಂದು ಹುಡುಗಿಯ ಕಡೆಯಿಂದ ಸಾಕ್ಷಿ ಹೇಳಲು ಬಂದವನು ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಮಸಿಯಣ್ಣ ಎಂದು ಅವನ ಹೆಸರು. ಸಿಡಿದಾಗ ಅವನು ಕಲ್ಲಿದ್ದಲ ರಾಶಿಯ ಹಿಂದೆ ಇದ್ದುದರಿಂದ ಬದುಕಿದ. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ನೀರು ಕೊಟ್ಟರೆ ಲೋಟ ಹಿಡಿಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾರ್ಖಾನೆಯ ಮ್ಯಾನೇಜರರ ಕಾರು ಚಾಲಕ ಒಳಗೆ ಬಂದು, ತನ್ನ ಯಜಮಾನನ ಎದುರಿಗೇ, ಲೋಟ ಎತ್ತಿ ಅವನ ತುಟಿಗೆ ಹಿಡಿದ. ಗಲ್ಲದ ಮೇಲೆ ಇಳಿದ ನೀರನ್ನು ತನ್ನ ಕರವಸ್ತ್ರದಿಂದ ಒರೆಸಿ ಮತ್ತೆ ಬಾಗಿಲಿಗೆ ಹೋಗಿ ನಿಂತ.

ಮಸಿಯಣ್ಣ ಹೇಳುತ್ತ ಹೋದ, ನಾನು ಹೊಡೆಯುತ್ತ ಹೋದೆ. ಆ ವಾರ ಒಣಗಿಸುವ ಕೋಣೆಗೆ ಹೆಚ್ಚು ಆವಿ ಬೇಕೆಂದು ಮೇಲ್ವಿಚಾರಕ ಒತ್ತಾಯ ಮಾಡುತ್ತಿದ್ದ. ಮುಳ್ಳು ಏರುತ್ತಿದೆ ಎಂದು ಕವಿರಾಯ ಎರಡು ಸಲ ಹೋಗಿ ಹೇಳಿದ. ದಿನವಹಿಯಲ್ಲಿ ಎಂಟು ಅಂತಲೇ ಬರಿ, ಇಲ್ಲದಿದ್ದರೆ ಬರೆಯುವವನನ್ನೇ ಬದಲಾಯಿಸ್ತೀನಿ ಎಂದನಂತೆ ಮೇಲ್ವಿಚಾರಕ.

ಕಾರ್ಖಾನೆಯ ವಕೀಲರು ಎದ್ದು, ಮುಳ್ಳು ಏರಿದ್ದಕ್ಕೆ ನಿನ್ನ ಬಳಿ ಏನು ಪುರಾವೆ ಇದೆ ಎಂದರು.

“ಅವನು ಬರೆದಿಟ್ಟಿದಾನಲ್ಲ ಸ್ವಾಮಿ, ಆ ಪದದಲ್ಲಿ,” ಎಂದ ಮಸಿಯಣ್ಣ. “ದಿನಾ ಸಂಜೆ ನನ್ನ ಕೇಳೋನು, ಏನೋ ಮಸಿ, ಇವತ್ತು ಎಷ್ಟು ಅಕ್ಷರ ಅಂತ. ನಾನು ಮುಳ್ಳು ನೋಡಿ ಎಂಟು ಅಂದ್ರೆ ಎಂಟು ಅಕ್ಷರದ ಸಾಲು. ಒಂಬತ್ತು ಅಂದ್ರೆ ಒಂಬತ್ತು. ಬೆರಳು ಮಡಚಿ ಮಡಚಿ ಕೂಡಿಸೋನು. ಸೂಪರ್‌ವೈಸರ್ ನೋಟ್‌ಬುಕ್ ತಿರುವಿ ನೋಡಿ ನಕ್ಕು ಹೋಗೋರು. ಲೆಕ್ಕ ಇಲ್ಲಿ ಯಾರಿಗೂ ಕಾಣ್ಸಲ್ಲ ಕಣೋ ಅನ್ನೋನು ಕವಿರಾಯ. ಸಿಡಿಯೋ ಹಿಂದಿನ ದಿನ ಹನ್ನೆರಡು ಇತ್ತು. ಹನ್ನೆರಡು ಕೂಡಿಸೋಕೆ ಅಕ್ಕನ್ನ ಎರಡು ಸಲ ಕೂಗ್ಬೇಕಾಯ್ತು ಅಂದ.”

ನನ್ನ ಕೈ ಯಂತ್ರದ ಮೇಲೆ ನಿಂತುಬಿಟ್ಟಿತು. ಮನಸ್ಸಿನಲ್ಲೇ ಮೊದಲ ಸಾಲು ಹೇಳಿಕೊಂಡೆ. ಅ, ಕ್ಕ, ಇಂ, ದು, ನ, ಗು, ತಾ, ಳೆ. ಎಂಟು. ಎರಡನೆಯದು ಎಂಟು. ಆಮೇಲಿನವೆರಡು ಒಂಬತ್ತು, ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು. ಮಾತ್ರೆಯ ಗುಂಗಿನಲ್ಲಿದ್ದ ನಾನು ಮಗು ಎಣಿಸುವ ಹಾಗೆ ಒಂದು ಸಲ ಎಣಿಸಿರಲಿಲ್ಲ.

ವಕೀಲರು ನಗುತ್ತಲೇ ಕಡತ ತರಿಸಿದರು. ನಿನಗೆ ಓದು ಬರುತ್ತದೆಯೇ ಎಂದು ಮಸಿಯಣ್ಣನನ್ನು ಕೇಳಿದರು.

“ಎಣಿಸೋಕೆ ಬರುತ್ತೆ. ಓದೋಕೆ ಬರಲ್ಲ.”

“ಹಾಗಾದ್ರೆ ನಾನು ಓದ್ತೀನಿ, ನೀನು ಎಣಿಸು. ಇದು ನಿಜ ಪ್ರತಿ, ಆ ಹುಡುಗಿಯೇ ಸಹಿ ಹಾಕಿದಾಳೆ.” ನಾನು ಹೊಡೆದ ಮೊದಲ ವಾಕ್ಯವನ್ನು ಅವರು ಅಕ್ಷರ ಬಿಡಿಸಿ ಓದಿದರು. ಮಸಿಯಣ್ಣ ಬಟ್ಟೆ ಸುತ್ತಿದ ಕೈಯನ್ನು ತೊಡೆಗೆ ತಟ್ಟುತ್ತ ಎಣಿಸಿದ. ಹತ್ತು ದಾಟಿತು, ಹದಿನೈದು ದಾಟಿತು, ಹದಿನೇಳಕ್ಕೆ ನಿಂತಿತು.

“ಹದಿನೇಳಕ್ಕೆ ಬಾಯ್ಲರ್ ಮೊದಲನೇ ದಿನವೇ ಸಿಡೀಬೇಕಾಗಿತ್ತಲ್ಲಪ್ಪ,” ಎಂದರು ವಕೀಲರು. ಒಂದಿಬ್ಬರು ನಕ್ಕರು. ಮಸಿಯಣ್ಣ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎಲ್ಲೋ ತಾನೇ ತಪ್ಪಿ ಎಣಿಸಿದೆನೆಂದು ತಿಳಿದು, ಇನ್ನೊಂದು ಸಲ ಓದಿ ಸ್ವಾಮಿ ಎಂದ.

ಅಂದೇ ಮಧ್ಯಾಹ್ನ ರಜೆ ಬರೆದುಕೊಟ್ಟು ಕಾರ್ಖಾನೆಗೆ ಹೋದೆ. ನೋಟ್‌ಬುಕ್ ಒಂದಿದ್ದರೆ ಸಾಕು, ಉಳಿದದ್ದೆಲ್ಲ ನನ್ನ ತಪ್ಪೆಂದು ಒಪ್ಪಿಕೊಳ್ಳಬಹುದಿತ್ತು. ಉಗ್ರಾಣದ ಗುಮಾಸ್ತ ವಯಸ್ಸಾದವರು, ಸಿಡಿತದಿಂದ ಒಂದು ಕಿವಿ ಹೋಗಿತ್ತು. ತಾವು ಕೂತಿದ್ದ ಕುರ್ಚಿಯನ್ನೇ ಒರೆಸಿ ನನ್ನನ್ನು ಕೂರಿಸಿ, ವಕೀಲರು ಹಿಂದಿರುಗಿಸಿದ ಆ ನೋಟ್‌ಬುಕ್ಕೂ ಸೇರಿದಂತೆ ಕೆಲಸ ಮುಗಿದ ಕಾಗದವೆಲ್ಲ ವಾರಕ್ಕೊಮ್ಮೆ ಎಲ್ಲಿಗೆ ಹೋಗುತ್ತದೆಂದು ತೋರಿಸಿದರು. ಅಂಗಳದಾಚೆ ತೊಟ್ಟಿ ತಿರುಗುತ್ತಿತ್ತು. ಬೂದು ಬಣ್ಣದ ಗಂಜಿ. ಅಲ್ಲೊಂದು ಇಲ್ಲೊಂದು ಕಾಗದದ ಚೂರು ಮೇಲೆ ಬಂದು ಮುಳುಗುತ್ತಿತ್ತು.

“ಬೀಸಿ ಆದ ಮೇಲೆ ಕಾಳು ಹುಡುಕಬಾರದಮ್ಮ,” ಎಂದರು ಅವರು. “ಇದು ಕಾಗದ ಉಳಿಯೋ ಜಾಗ ಅಲ್ಲ.” ಬೇಕೆಂದು ಮಾಡಿದ್ದಲ್ಲ ಎಂದೂ ಹೇಳಿದರು. ಬೇಕೆಂದೇ ಮಾಡಿದ್ದರೆ ನನಗೆ ಬೈಯಲು ಯಾರಾದರೂ ಸಿಗುತ್ತಿದ್ದರು.

ಮರುದಿನ ಬೆಳಗ್ಗೆ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಂದು ಹಾಳೆಯಲ್ಲಿ ಏಳು ಸಾಲನ್ನು ಮೂಲದಲ್ಲಿದ್ದ ಹಾಗೆ ಬರೆದು ಮುಂದಿಟ್ಟೆ. ಅವರು ಎಣಿಸಿದರು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಎದ್ದು ಬಾಗಿಲು ಹಾಕಿ ಬಂದರು. ಗೋಡೆಯ ಮೇಲಿದ್ದ ನಮ್ಮ ಕಚೇರಿಯ ಫಲಕವನ್ನೇ ಒಂದು ಚೀಟಿಯಲ್ಲಿ ಹೀಗೆ ಬರೆದು ನನ್ನ ಕಡೆ ತಿರುಗಿಸಿದರು:

ಸಾರ್ವಜನಿಕರು
ಸದ್ದುಗದ್ದಲ ಮಾಡದೆ
ತಮ್ಮ ಸರದಿ ಬರುವ ತನಕ ಕಾಯುವುದು

“ಆರು, ಎಂಟು, ಹದಿನೈದು. ನೋಡಿ, ಇದೂ ಏರ್ತಾ ಹೋಯ್ತು. ಒಡೆಯೋಕೆ ಕೂತ್ರೆ ಯಾವುದನ್ನ ಎಷ್ಟಕ್ಕೆ ಬೇಕಾದ್ರೂ ಒಡೀಬಹುದು ಅಂತಾರಮ್ಮ ಆ ವಕೀಲರು. ಮೂಲದಲ್ಲಿ ಇಲ್ಲೇ ಒಡೆದಿತ್ತು ಅನ್ನೋದಕ್ಕೆ ಏನಿದೆ?”

“ನಾನಿದ್ದೀನಿ ಸಾರ್.”

“ನೀವು ಇನ್ನೊಂದು ಕಾಗದಕ್ಕೆ ನಿಜ ಪ್ರತಿ ಅಂತ ಸಹಿ ಹಾಕಿದೀರ.” ಅವರು ಧ್ವನಿ ಏರಿಸಲಿಲ್ಲ. “ನನಗೆ ನಂಬಿಕೆ ಇದೆ. ನನ್ನ ನಂಬಿಕೆಗೆ ಸೀಲ್ ಇಲ್ಲ.”

ನನ್ನ ತಪ್ಪೊಪ್ಪಿಗೆಯನ್ನು ಬರವಣಿಗೆಯಲ್ಲಿ ಕೊಟ್ಟೆ. ಅದು ಕಡತ ಸೇರಿತು. ಅದರಿಂದಾಗಿ ಆ ದಾಖಲೆಯನ್ನೇ ಪರಿಗಣಿಸುವಂತಿಲ್ಲ ಎಂದು ವಕೀಲರು ವಾದಿಸಿ ಗೆದ್ದರು. ಪದ್ಯವೂ ಹೋಯಿತು, ಗದ್ಯವೂ ಹೋಯಿತು, ದಿನವಹಿಯ ಎಂಟು ಮಾತ್ರ ಉಳಿಯಿತು. ನನಗೆ ಎರಡು ವರ್ಷದ ಬಡ್ತಿ ತಡೆಹಿಡಿದರು. ವರದಿಯಲ್ಲಿ ‘ಬಾಯ್ಲರ್ ನೋಡಿಕೊಳ್ಳುವವನ ನಿರ್ಲಕ್ಷ್ಯ’ ಎಂದು ಬಂತು. ಆ ಮಾತನ್ನು ಹೊಡೆದದ್ದೂ ನಾನೇ, ಏಕೆಂದರೆ ಕಚೇರಿಯಲ್ಲಿ ಬೇರೆ ಬೆರಳಚ್ಚುಗಾರರಿರಲಿಲ್ಲ. ಅದನ್ನು ಮಾತ್ರ ಒಂದಕ್ಷರ ಹೆಚ್ಚುಕಡಿಮೆಯಾಗದ ಹಾಗೆ ಹೊಡೆದೆ.

ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಕಾವ್ಯ ಎಲ್ಲಿ ಬೇಕಾದರೂ ಇರಬಹುದು ಎನ್ನುತ್ತಿದ್ದರು. ಗದ್ಯದಲ್ಲಿರಬಹುದು, ಜೋಗುಳದಲ್ಲಿರಬಹುದು, ಒಬ್ಬರು ಇನ್ನೊಬ್ಬರಿಗೆ ಬಾಗಿಲು ತೆರೆದುಕೊಡುವುದರಲ್ಲೂ ಇರಬಹುದು. ಅದು ನಿಜ. ನಾನು ಆ ಏಳು ಸಾಲನ್ನು ಗದ್ಯ ಮಾಡಿದಾಗ ಅದರಲ್ಲಿದ್ದ ಕಾವ್ಯ ಎಲ್ಲಿಗೂ ಹೋಗಿರಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡದ್ದು ಅದಕ್ಕೇ. ಅರ್ಥವೂ ಹೋಗಿರಲಿಲ್ಲ. ಹೋದದ್ದು ಕವನ. ಅದು ಇಷ್ಟೇ ಅಕ್ಷರಕ್ಕೆ ಇಲ್ಲೇ ನಿಲ್ಲಬೇಕೆಂದು ಒಬ್ಬ ಮನುಷ್ಯ ಬೆರಳು ಮಡಚಿ ನಿಲ್ಲಿಸಿದ್ದ ಜಾಗದಲ್ಲಿತ್ತು. ಅದನ್ನು ನಾನು ಒಂದು ಅಲ್ಪವಿರಾಮ ಹಾಕಿ ಮುಚ್ಚಿಬಿಟ್ಟೆ.

ವರದಿ ಹೊರಬಿದ್ದ ಮೇಲಿನ ಭಾನುವಾರ ಆ ಓಣಿಗೆ ಹೋದೆ. ಸಾಲು ಒಡೆದು ಬರೆದ ಹಾಳೆ ಚೀಲದಲ್ಲಿತ್ತು. ಒಂದೇ ಕೋಣೆಯ ಮನೆ. ಹೊಲಿಗೆ ಯಂತ್ರಕ್ಕೆ ಹಳೆಯ ಹಾಸಿಗೆ ಹೊದಿಕೆ ಮುಚ್ಚಿತ್ತು. ಬಾಗಿಲ ಎದುರಿಗೆ, ನಾಲ್ಕು ಹೆಜ್ಜೆಗೆ, ಸತ್ತ ಹುಡುಗರಲ್ಲಿ ಒಬ್ಬನ ಮನೆ. ಅವನ ತಾಯಿ ಹೊಸಿಲ ಮೇಲೆ ಕೂತು ನಾನು ಒಳಗೆ ಹೋಗುವುದನ್ನು ನೋಡಿದಳು.

ಯಾರು ಏನು ಮಾಡಿದರೆಂದು ಸುತ್ತಿ ಬಳಸದೆ ಹುಡುಗಿಗೆ ಹೇಳಿದೆ. ನಾನೇ ಮಾಡಿದ್ದು, ಒಳ್ಳೆಯದಾಗಲೆಂದು ಮಾಡಿದ್ದು ಎಂದೆ. ಒಳ್ಳೆಯದಾಗಲೆಂದು ಎನ್ನುವ ಮಾತು ಬಾಯಿಂದ ಬಂದ ಮೇಲೆ ನಾಚಿಕೆಯಾಯಿತು. ಅವಳು ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

“ಅಪ್ಪ ಬರೆದದ್ದರಲ್ಲಿ ಒಂದಕ್ಷರ ನಾನು ಬದಲು ಮಾಡಿ ಹೇಳಿದ್ರೂ ಅವತ್ತು ಅವರಿಗೆ ಊಟ ಸೇರ್ತಿರಲಿಲ್ಲ,” ಎಂದಳು. ಅಷ್ಟೇ. ಆಮೇಲೆ ಎದ್ದು, ನಾನು ನಡೆದು ಬಂದದ್ದನ್ನು ಕಂಡಿದ್ದಳೇನೋ, ನೀರು ತಂದುಕೊಟ್ಟಳು.

ಎದುರುಮನೆಯಾಕೆ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಗೊತ್ತಾಗಲಿಲ್ಲ. ಆ ಮನೆಗೆ ಆಕೆ ಕಾಲಿಡದೆ ನಾಲ್ಕು ತಿಂಗಳಾಗಿತ್ತಂತೆ. ಅದಕ್ಕೆ ಮೊದಲು ತಾಯಿ ಇಲ್ಲದ ಈ ಹುಡುಗಿಗೆ ತಲೆ ಬಾಚಿ ಬೆಳೆಸಿದವಳು ಅವಳೇ.

“ಮಸಿ ಏನೇನೋ ಅಂತಾನೆ, ಅಕ್ಷರ ಅಂತೆ, ಮುಳ್ಳಂತೆ. ಅದೇನಾ ಅದು? ಓದು.”

“ದೊಡ್ಡಮ್ಮ, ಒಳಗೆ ಬಾ.”

“ಇಲ್ಲೇ ಇರ್ತೀನಿ. ಓದು, ನಾನು ಎಣಿಸ್ತೀನಿ.”

ಹುಡುಗಿ ಬಾಗಿಲ ಹತ್ತಿರ ಹೋಗಿ ನಿಂತು ಅಕ್ಷರ ಬಿಡಿಸಿ ಓದಿದಳು. ಆಕೆ ಮುಷ್ಟಿ ಕಟ್ಟಿ ಒಂದೊಂದೇ ಬೆರಳು ಬಿಚ್ಚಿದಳು. ಎಂಟು. ಮತ್ತೆ ಮುಷ್ಟಿ ಕಟ್ಟಿದಳು. ಎಂಟು. ಒಂಬತ್ತು. ಒಂಬತ್ತು. ಐದನೆಯ ಸಾಲಿಗೆ ಎರಡೂ ಕೈ ಪೂರ್ತಿ ತೆರೆದುಕೊಂಡವು. ಆರನೆಯದಕ್ಕೆ ಬೆರಳು ಸಾಲದೆ ಒಂದು ಕ್ಷಣ ತನ್ನ ಕೈ ತಾನೇ ನೋಡಿಕೊಂಡು, ಹುಡುಗಿಯ ಕಿರುಬೆರಳನ್ನು ಹಿಡಿದಳು. ಏಳನೆಯ ಸಾಲು ಓದಿದಾಗ ಅವಳ ಇನ್ನೊಂದು ಬೆರಳನ್ನೂ ಹಿಡಿದಳು.

“ಹನ್ನೆರಡು,” ಎಂದಳು.

“ಹೂಂ.”

“ಹತ್ತಕ್ಕೆ ಕೆಂಪು ಅಂತ ನನ್ನ ಮಗ ಹೇಳ್ತಿದ್ದ.”

ಹುಡುಗಿಯ ಮುಖದಲ್ಲಿ ನಾಲ್ಕು ತಿಂಗಳಿಂದ ಕಟ್ಟಿ ನಿಂತದ್ದೇನೋ ಸಡಿಲವಾದಂತೆ ಕಂಡಿತು. ನನಗೂ ಉಸಿರು ಬಂತು. ಸೀಲಿಲ್ಲದಿದ್ದರೇನು, ನಂಬಬೇಕಾದವಳೊಬ್ಬಳು ನಂಬಿದಳು ಎಂದುಕೊಂಡೆ.

“ಹಂಗಾದ್ರೆ ನಿಮ್ಮಪ್ಪಂಗೆ ಗೊತ್ತಿತ್ತು,” ಎಂದಳು ಆಕೆ.

“ಎರಡು ಸಲ ಹೋಗಿ ಹೇಳಿದ್ರಂತೆ ದೊಡ್ಡಮ್ಮ. ಅವರು ಕೇಳಲಿಲ್ಲ.”

“ಅವರಿಗೆ ಹೇಳಿದ. ಇದರಲ್ಲಿ ಬರೆದ. ದಿನಾ ಬೆಳಗ್ಗೆ ಇದೇ ಬಾಗಿಲ ಮುಂದೆ ನನ್ನ ಮಗನ ಜೊತೆ ಮಾತಾಡ್ಕೊಂಡು ಹೋಗೋನು. ಅವನಿಗೊಂದು ಮಾತು ಹೇಳ್ಬಾರದಾಗಿತ್ತಾ? ಇವತ್ತು ಬರಬೇಡ ಕಣೋ ಅಂತ?”

ಹುಡುಗಿ ಹಾಳೆಯನ್ನು ನೋಡಿದಳು, ಅದರಲ್ಲಿ ಎಂಟನೆಯ ಸಾಲು ಇರಬಹುದೇನೋ ಎನ್ನುವ ಹಾಗೆ. ನಾನು ಹೇಳಬಹುದಾದ ಮಾತುಗಳು ನಾಲ್ಕೈದು ನೆನಪಿಗೆ ಬಂದವು. ಕೆಲಸ ಹೋಗುವ ಭಯ, ಮೇಲ್ವಿಚಾರಕನ ಬೆದರಿಕೆ. ಎಲ್ಲವೂ ಒಳ್ಳೆಯ ಗದ್ಯದಲ್ಲೇ ಬಂದವು. ಒಂದನ್ನೂ ಆಡಲಿಲ್ಲ.

“ಇಷ್ಟು ಚೆನ್ನಾಗಿ ಎಣಿಸೋಕೆ ಬರ್ತಿತ್ತಲ್ಲ ಅವನಿಗೆ,” ಎಂದಳು ಆಕೆ. ಅಳುತ್ತಿರಲಿಲ್ಲ. ಹೊಸಿಲ ಆಚೆ ಅವಳು, ಈಚೆ ಹುಡುಗಿ. ಹಿಡಿದಿದ್ದ ಎರಡು ಬೆರಳನ್ನು ಆಕೆ ಬಿಟ್ಟಿರಲಿಲ್ಲ. ಹುಡುಗಿಯೂ ಎಳೆದುಕೊಳ್ಳಲಿಲ್ಲ. ನಾನು ಚೀಲ ತೆಗೆದುಕೊಂಡು ಹೊರಟಾಗ ದಾರಿ ಬಿಡಲೆಂದು ಇಬ್ಬರೂ ಹಾಗೆಯೇ, ಕೈ ಬಿಡದೆ, ಒಂದು ಪಕ್ಕಕ್ಕೆ ಸರಿದರು.